ಕಿತ್ತಷ್ಟೂ ಬರುವ ಜೇಕು

ಪತ್ರ: ನಿಮ್ಮ ಕೈತೋಟದ ಅಂಕಣ ಓದಿ ಟೆರೇಸಿನ ಕುಂಡಗಳಲ್ಲಿದ್ದ ಜೇಕಿನ ಹುಲ್ಲನ್ನೆಲ್ಲ ಕಿತ್ತೆ. ಹದಿನೈದು ದಿನಕ್ಕೆ ದುಪ್ಪಟ್ಟು ಬಂದಿದೆ! ಈಗ ನಮ್ಮ ವಾಕಿಂಗ್ ಗುಂಪಿನವರು ಪಾಷಾಣ್ ಕೆರೆಯ ದಂಡೆಯಲ್ಲೂ ಇದನ್ನೇ ಕಿತ್ತು ಸ್ವಚ್ಛ ಮಾಡೋಣ ಅನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಪುಣೆ

ಸಂಪಾದಕರ ಉತ್ತರ: ನಮಸ್ಕಾರ. ತಪ್ಪು ನಮ್ಮದೇ. ‘ಹುಲ್ಲು ಕಿತ್ತರೆ ಮುಗಿಯಿತು’ ಅಂತ ಅಚ್ಚು ಹಾಕಿದವರು ನಾವು. ಅಂಕಣ ಬರೆದವರನ್ನು ಬೈಯಬೇಡಿ, ಪ್ರೂಫ್ ನೋಡಿದವನು ನಾನು.

ಮೊದಲನೆಯದಾಗಿ, ಜೇಕು ಹುಲ್ಲೇ ಅಲ್ಲ. ಹೂ ಬಿಟ್ಟ ದಂಟೊಂದನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಏಣು ಕೈಗೆ ಹತ್ತುತ್ತವೆ. ಹುಲ್ಲಿನ ದಂಟು ಉರುಟು, ನಡುನಡುವೆ ಗಿಣ್ಣು, ಒಳಗೆ ಹೆಚ್ಚಾಗಿ ಪೊಳ್ಳು. ಇದಕ್ಕೆ ಗಿಣ್ಣಿಲ್ಲ, ಒಳಗೆ ತಿರುಳು ತುಂಬಿರುತ್ತದೆ. ಈಜಿಪ್ಟಿನವರು ಬರೆಯಲು ಬಳಸಿದ ಪಪೈರಸ್ ಇದರ ಹತ್ತಿರದ ನಂಟ. ಚೈನೀಸ್ ಅಡುಗೆಯ ವಾಟರ್ ಚೆಸ್ಟ್‌ನಟ್ ಕೂಡ ಇದೇ ಬಳಗದ ಗಡ್ಡೆ. (ಮುಂಬಯಿಯ ರಸ್ತೆ ಬದಿ ಮಾರುವ ಶಿಂಗಾಡಾಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು. ಆದರೆ ಅದು ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.)

ನಿಮ್ಮ ಪತ್ರ ಬಂದ ಮೇಲೆ ಡೊಂಬಿವಿಲಿಯ ನಮ್ಮ ಕಿಟಕಿ ಗ್ರಿಲ್ಲಿನ ಕುಂಡವೊಂದನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿದೆ. ತಂತಿಯಂಥ ಬೇರಿಗೆ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ಕಪ್ಪು ಗಡ್ಡೆ. ಉಗುರಿನಿಂದ ಕೆರೆದರೆ ಒಳಗೆ ಬಿಳಿ, ಘಮ್ಮನೆ ವಾಸನೆ. ಈ ಸರದ ತುದಿಯ ಗಡ್ಡೆ ಚಿಗುರಿ ನಿಂತಿರುವಷ್ಟು ದಿನ ಹಿಂದಿನವು ಸುಮ್ನೆ ಮಲಗಿರುತ್ತವೆ. ನೀವು ಎಳೆದಿರಿ, ಸರ ಹರಿಯಿತು, ಮಲಗಿದ್ದವೆಲ್ಲ ಎದ್ದು ಕೂತವು. ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ಚುಚ್ಚಿಕೊಂಡು ಮೇಲೆ ಬರುವ ಜಾತಿ ಇದು.

ಹಾಗಾಗಿ ಕೀಳಬೇಡಿ, ಕುಂಡ ಬರಿದು ಮಾಡಿ. ಮಣ್ಣು ಜರಡಿ ಹಿಡಿದು ಗಡ್ಡೆ ಆರಿಸಿ. ಉಳಿದ ಮಣ್ಣನ್ನು ಏಪ್ರಿಲ್–ಮೇ ಬಿಸಿಲಿಗೆ ತೆಳ್ಳಗೆ ಹರವಿ. ಗಡ್ಡೆ ಪೂರಾ ಒಣಗಿದರೆ ಸಾಯುತ್ತದೆ. ನೆರಳೂ ಇದಕ್ಕೆ ಆಗಿಬರುವುದಿಲ್ಲ, ಒತ್ತಾಗಿ ಬೆಳೆಯುವ ಗಿಡ ಜೊತೆಗಿಟ್ಟರೆ ಸೊರಗುತ್ತದೆ. ಒಂದೇ ಸಲಕ್ಕೆ ಹೋಗುತ್ತದೆ ಅಂತ ಈ ಸಲ ಅಚ್ಚು ಹಾಕುವುದಿಲ್ಲ.

ಆರಿಸಿದ ಗಡ್ಡೆಯನ್ನು ಎಸೆಯಬೇಡಿ. ಕೆಲವರು ಇದನ್ನು ತುಂಗೆ ಗಡ್ಡೆ, ಕೊನ್ನಾರಿ ಗಡ್ಡೆ ಅನ್ನುತ್ತಾರೆ, ಪಂಡಿತರಿಗೆ ಭದ್ರಮುಷ್ಟಿ. ಮರಾಠಿಯವರಿಗೆ ನಾಗರಮೋಥಾ. ದೀಪಾವಳಿ ಅಭ್ಯಂಗಕ್ಕೆ ಪುಣೆಯ ಅಂಗಡಿಯಲ್ಲಿ ಉಟಣೆ, ಅಂದರೆ ಮೈಗೆ ಹಚ್ಚುವ ಘಮದ ಪುಡಿ, ಪೊಟ್ಟಣ ತರುತ್ತೀರಲ್ವಾ? ಅದರ ಚೀಟಿ ಓದಿ ನೋಡಿ. ಬೈದು ಕಿತ್ತದ್ದನ್ನೇ ದುಡ್ಡು ಕೊಟ್ಟು ಮೈಗೆ ಹಚ್ಚಿಕೊಂಡಿರುತ್ತೀರಿ!

ಇನ್ನು ಕೆರೆಯ ದಂಡೆ. ದಯವಿಟ್ಟು ಅಲ್ಲಿ ಕೈ ಹಾಕಬೇಡಿ. ಕುಂಡದಲ್ಲಿ ಅದು ಕಳೆ, ಕೆರೆಯಂಚಿನಲ್ಲಿ ಅದು ಮನೆಯವರು. ನೀರು ಏರಿಳಿಯುವ ಜಾಗದ ಮಣ್ಣನ್ನು ಈ ಬೇರುಗಳೇ ಹಿಡಿದಿಟ್ಟಿರುತ್ತವೆ. ಅಲ್ಲಿರುವ ಮೂರೇಣಿನ ಗಿಡವೆಲ್ಲ ಜೇಕೂ ಅಲ್ಲ, ಅದೇ ಬಳಗದ ಬೇರೆ ಬೇರೆ ಜಾತಿಗಳು ಸೇರಿರುತ್ತವೆ. ಗುಂಪಿನವರಿಗೆ ಒಂದೊಂದು ಗೋಣಿಚೀಲ ಕೊಡಿ, ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ ಆರಿಸಲಿ. ಆ ಕೆಲಸವೇ ಒಂದು ಭಾನುವಾರಕ್ಕೆ ಸಾಕಾಗುತ್ತದೆ.

ನನ್ನ ಕುಂಡದ ಗಡ್ಡೆಗಳು ಒಂದು ಬಟ್ಟಲಾದವು. ಗ್ರಿಲ್ಲಿನ ಮೇಲೆ ಒಣಗುತ್ತಿವೆ.