ಹೊರದೇಶದಲ್ಲಿ ಯುದ್ಧಕ್ಕೆ ಹೋಗಿರುವ ಅಣ್ಣನಿಂದ ಫೋನ್ ಬಂದಿಲ್ಲ, ಏನು ಮಾಡೋದು?

ಅಣ್ಣ ಯುದ್ಧ ನಡೀತಿರೋ ಕಡೆ ಇದ್ದಾನೆ, ವಾರದಿಂದ ಫೋನಿಲ್ಲ, ಅಮ್ಮನಿಗೆ ಊಟ ಸೇರುತ್ತಿಲ್ಲ, ಸಂಪರ್ಕ ಇಟ್ಟುಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ನಮ್ಮನೆಯವರೂ ಹಾಗೆ ಹೋಗಿ ಬಂದವರು. ಆ ಕಾಯುವಿಕೆ ನನಗೆ ಗೊತ್ತು. ಅದಕ್ಕೇ ಮೊದಲು ಹೇಳಿಬಿಡುತ್ತೇನೆ, ಫೋನ್ ಬರಲಿಲ್ಲ ಅಂದರೆ ಅವನಿಗೇ ಏನೋ ಆಗಿದೆ ಅಂತ ಅಲ್ಲ.

ತುಕಡಿಯಲ್ಲಿ ಯಾರಾದರೂ ತೀರಿಕೊಂಡರೆ ಅಥವಾ ಜೋರು ಗಾಯವಾದರೆ, ಅವರ ಮನೆಗೆ ಸುದ್ದಿ ಮುಟ್ಟುವವರೆಗೆ ಇಡೀ ಕ್ಯಾಂಪಿನ ಫೋನ್, ಇಂಟರ್ನೆಟ್ ಬಂದ್ ಮಾಡುವ ಪದ್ಧತಿ ಅಮೆರಿಕದ ಸೈನ್ಯದಲ್ಲಿ ಇದೆ. ಅಂಥ ಸುದ್ದಿ ಯಾರದ್ದೋ ಮೆಸೇಜಿನಿಂದ ಮನೆಯವರಿಗೆ ಗೊತ್ತಾಗಬಾರದಲ್ವಾ? ತುಕಡಿ ಜಾಗ ಬದಲಿಸುವಾಗಲೂ ಫೋನ್ ಮುಟ್ಟಲು ಬಿಡುವುದಿಲ್ಲ, ಸಿಗ್ನಲ್ ಹಿಡಿದು ಶತ್ರು ಜಾಗ ಪತ್ತೆ ಮಾಡಬಹುದು.

ಹಾಗಾಗಿ ‘ಪ್ರತಿ ಭಾನುವಾರ ಮಾಡು’ ಅಂತ ಮಾತು ತಗೋಬೇಡಿ. ಒಂದು ಭಾನುವಾರ ತಪ್ಪಿದರೆ ಮನೆಯಲ್ಲಿ ಎಲ್ಲರ ಜೀವ ಹೋಗುತ್ತದೆ. ಸಿಕ್ಕಾಗ ಒಂದು ಗುರುತು ಕಳಿಸು, ಸಾಕು ಅನ್ನಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಇದಕ್ಕೇ ಒಂದು ಕಾರ್ಡ್ ಮಾಡಿತ್ತು. ‘ನಾನು ಚೆನ್ನಾಗಿದ್ದೇನೆ’, ‘ಆಸ್ಪತ್ರೆಗೆ ಸೇರಿದ್ದೇನೆ’, ‘ಬಹಳ ದಿನದಿಂದ ನಿಮ್ಮ ಕಾಗದ ಬಂದಿಲ್ಲ’, ಹೀಗೆ ಸಾಲುಗಳು ಮೊದಲೇ ಅಚ್ಚಾಗಿರುತ್ತಿದ್ದವು. ಬೇಡದ್ದನ್ನು ಹೊಡೆದುಹಾಕಿ ಸಹಿ, ತಾರೀಕು ಹಾಕಬೇಕು. ಬೇರೇನಾದರೂ ಸೇರಿಸಿದರೆ ಕಾರ್ಡನ್ನೇ ನಾಶ ಮಾಡುತ್ತೇವೆ ಅಂತ ಅದರ ಮೇಲೇ ಬರೆದಿತ್ತು. ಮನೆಯವರಿಗೆ ಸಿಗುತ್ತಿದ್ದದ್ದು ಹೊಡೆದುಹಾಕದೆ ಉಳಿದ ಆ ಒಂದೆರಡು ಸಾಲು, ಮಗನ ಕೈಯ ಸಹಿ, ಅಷ್ಟೇ. ನಮ್ಮನೆಯವರು ಬರೀ ಒಂದು ಚುಕ್ಕಿ ಕಳಿಸುತ್ತಿದ್ದರು. ಆ ಚುಕ್ಕಿ ಬಂದ ರಾತ್ರಿ ನಾನು ನಿದ್ದೆ ಮಾಡುತ್ತಿದ್ದೆ.

ನೀವು ಮಾತ್ರ ಉತ್ತರಕ್ಕೆ ಕಾಯದೆ ಬರೆಯುತ್ತಲೇ ಇರಿ. ಕಾಗದವಾದರೆ ನಂಬರ್ ಹಾಕಿ, ಐದನೆಯದು ಮೊದಲು ಬಂದು ಮೂರನೆಯದು ಆಮೇಲೆ ಸಿಗುವುದು ಮಾಮೂಲು. 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮೆರಿಕನ್ ಸೈನಿಕರ ಸುಮಾರು 1.7 ಕೋಟಿ ಕಾಗದ, ಪಾರ್ಸೆಲ್ ರಾಶಿ ಬಿದ್ದಿದ್ದವು. ಸೈನಿಕರು ಒಂದೇ ಕಡೆ ನಿಲ್ಲುತ್ತಿರಲಿಲ್ಲ, ಜೊತೆಗೆ ಒಂದೇ ಹೆಸರಿನವರು ಸಾವಿರಾರು ಜನ. ಅಮೆರಿಕದ ಸೈನ್ಯದ 6888ನೇ ಅಂಚೆ ಬೆಟಾಲಿಯನ್ನಿನ ಕಪ್ಪು ಮಹಿಳೆಯರು ಹಗಲೂ ರಾತ್ರಿ ಪಾಳಿಯಲ್ಲಿ ಕೂತು ಮೂರೇ ತಿಂಗಳಲ್ಲಿ ಅದನ್ನು ವಿಂಗಡಿಸಿ ಕಳಿಸಿದರು. ನನಗೆ ಅವರ ಮೇಲೆ ತುಂಬಾ ಗೌರವ.

ಇನ್ನೊಂದು ವಿಷಯ, ಇದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ. ಮನೆಯ ಕಷ್ಟ ಮುಚ್ಚಿಡಬೇಡಿ, ದನಿಯಲ್ಲೇ ಗೊತ್ತಾಗಿಬಿಡುತ್ತದೆ. ಆದರೆ ಹೇಳುವಾಗ ಕೊನೆಯನ್ನು ಮೊದಲು ಹೇಳಿ. ‘ಅಮ್ಮನಿಗೆ ಜ್ವರ’ ಅನ್ನುವಷ್ಟರಲ್ಲಿ ಲೈನ್ ಕಟ್ಟಾದರೆ ಅವನು ಅಷ್ಟನ್ನೇ ಹೊತ್ತುಕೊಂಡು ಕಾವಲಿಗೆ ನಿಲ್ಲಬೇಕು. ‘ಅಮ್ಮ ಈಗ ಆರಾಮಾಗಿದ್ದಾರೆ, ಹೋದ ವಾರ ಜ್ವರ ಬಂದಿತ್ತು’ ಅನ್ನಿ.

ಎಲ್ಲಿದ್ದೀಯ, ಯಾವಾಗ ಹೊರಡ್ತೀಯ ಅಂತ ಕೇಳಬೇಡಿ, ಅವನ ಫೋಟೋ ಎಲ್ಲೂ ಹಾಕಬೇಡಿ. ಅವನ ಸರ್ವಿಸ್ ನಂಬರ್, ಯೂನಿಟ್ಟಿನವರು ಮನೆಯವರಿಗೆ ಕೊಟ್ಟಿರುವ ಫೋನ್ ನಂಬರ್ ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ತೀರಾ ತಡೆಯಲಾಗದಿದ್ದರೆ ಅಲ್ಲಿಗೇ ಕೇಳಿ, ಟಿವಿ ಮುಂದೆ ಕೂರಬೇಡಿ. ಇವತ್ತು ಅಮ್ಮನ ದನಿಯಲ್ಲೇ ಒಂದು ಮೆಸೇಜ್ ರೆಕಾರ್ಡ್ ಮಾಡಿ ಕಳಿಸಿ. ಸಿಗ್ನಲ್ ಸಿಕ್ಕಾಗ ಕೇಳಿಸಿಕೊಳ್ಳುತ್ತಾನೆ.