ಕೆಲಸ ಹೋಗಿದೆ, ಐದನೇ ತಿಂಗಳು, ಹಲ್ಲುನೋವು: ಹೆರಿಗೆಯವರೆಗೆ ಕಾಯಬೇಕೇ?

ದಯವಿಟ್ಟು ಕಾಯಬೇಡಿ. ಸೆಪ್ಟೆಂಬರ್ ಕೊನೆಗೆ ಗಾರ್ಮೆಂಟ್ಸ್ ಕೆಲಸ ಹೋಯಿತು, ದವಡೆ ಹಲ್ಲಿನ ನೋವಿಗೆ ರಾತ್ರಿ ನಿದ್ದೆಯಿಲ್ಲ, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ ಬರುತ್ತದೆ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇನ್ನು ನಡೆಯದೆಂದು ಸೂಪರ್‌ವೈಸರ್ ಹೇಳಿದ್ದಾರೆ, ಹೆರಿಗೆ ಮುಗಿಯಲಿ ಎಂದು ಅತ್ತೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಚಿಕಿತ್ಸೆ ನೀಡುತ್ತಿರುವ ದಂತವೈದ್ಯೆ ನಾನು. ಇಂಥ ಮಾತುಗಳನ್ನು ನಂಬಿ, ಕಾರ್ಡ್ ಕೈಯಲ್ಲಿದ್ದರೂ ನೋವು ನುಂಗಿಕೊಂಡು ಮನೆಯಲ್ಲಿ ಕೂತವರನ್ನು ಕಂಡು ಸಂಕಟಪಟ್ಟಿದ್ದೇನೆ.

ಕೆಲಸ ಹೋದ ದಿನವೇ ಇಎಸ್‌ಐ ಸೌಲಭ್ಯ ನಿಲ್ಲುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸಂಬಳದಿಂದ ಕಡಿದು ಕಟ್ಟಿದ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ ದೊರೆಯುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಜುಲೈಯಿಂದ ಡಿಸೆಂಬರ್‌ವರೆಗೆ. ನೀವು ಎರಡು ವರ್ಷ ಬಿಡದೆ ದುಡಿದಿರುವುದರಿಂದ, ಈ ಎರಡೂ ಅವಧಿಗಳಲ್ಲಿ ತಲಾ 78 ದಿನಗಳ ವಂತಿಗೆ ಜಮೆಯಾಗಿದ್ದರೆ ಮುಂದಿನ ಜೂನ್ ಕೊನೆಯವರೆಗೂ ಚಿಕಿತ್ಸೆ ಪಡೆಯಬಹುದು. ಹೆರಿಗೆ ಭತ್ಯೆಗೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳಿದ್ದರೆ ಸಾಕು: ಮೊದಲ ಎರಡು ಮಕ್ಕಳವರೆಗೆ 26 ವಾರ, ದಿನಕ್ಕೆ ನಿಮ್ಮ ಸರಾಸರಿ ದಿನಗೂಲಿಯ ಪೂರ್ತಿ ಹಣ. ಹಾಗಾಗಿ ಇಎಸ್‌ಐ ವಂತಿಗೆಯ 0.75 ಪ್ರತಿಶತ ಕಡಿತ ತೋರಿಸುವ ಸಂಬಳದ ಚೀಟಿಗಳನ್ನೂ ತಾಯಿ ಕಾರ್ಡನ್ನೂ ತೆಗೆದುಕೊಂಡು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ಜಮೆಯಾದ ದಿನಗಳ ಲೆಕ್ಕವನ್ನು ಅಲ್ಲಿಯೇ ಕೇಳಿ ತಿಳಿದುಕೊಳ್ಳಿ. ಬಸುರಿಯೆಂಬ ಕಾರಣಕ್ಕೇ ತೆಗೆದಿದ್ದಾರೆಂದು ಅನಿಸಿದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಿ. ರಾಜೀನಾಮೆ ಎಂದು ಬರೆದ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇನ್ನು ಹಲ್ಲಿನ ವಿಷಯ. ನಾಲ್ಕರಿಂದ ಆರನೇ ತಿಂಗಳು ದಂತಚಿಕಿತ್ಸೆಗೆ ಅತ್ಯಂತ ಅನುಕೂಲದ ಕಾಲ: ವಾಂತಿ ಕಡಿಮೆಯಾಗಿರುತ್ತದೆ, ಕುರ್ಚಿಯಲ್ಲಿ ಒರಗುವುದೂ ಕಷ್ಟವಾಗುವುದಿಲ್ಲ. ಹುಳುಕು ನರದವರೆಗೆ ಹೋಗಿದ್ದರೆ ರೂಟ್ ಕೆನಾಲ್ ಮಾಡಬಹುದು, ಅಗತ್ಯವಿದ್ದರೆ ಹಲ್ಲು ಕೀಳಬಹುದು. ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಇಂಜೆಕ್ಷನ್ ಆಗಲಿ, ಸೀಸದ ಏಪ್ರನ್ ಹೊದಿಸಿ ತೆಗೆಯುವ ಹಲ್ಲಿನ ಎಕ್ಸ್‌ರೇ ಆಗಲಿ ಮಗುವಿಗೆ ಹಾನಿ ಮಾಡುವುದಿಲ್ಲ. ಕುರ್ಚಿಯಲ್ಲಿ ಬಲ ಸೊಂಟದ ಕೆಳಗೆ ಸಣ್ಣ ದಿಂಬು ಇಟ್ಟುಕೊಂಡು ತುಸು ಎಡಕ್ಕೆ ವಾಲಿದರೆ ತಲೆಸುತ್ತು ಬರುವುದಿಲ್ಲ. ಒಸಡಿನ ರಕ್ತಕ್ಕೆ ಬಸಿರಿನ ಹಾರ್ಮೋನುಗಳ ಜೊತೆಗೆ ಹಲ್ಲಿನ ಬುಡದಲ್ಲಿ ಕಟ್ಟಿದ ಕೊಳೆಯೂ ಕಾರಣ; ಆದ್ದರಿಂದ ರಕ್ತಕ್ಕೆ ಹೆದರಿ ಹಲ್ಲುಜ್ಜುವುದನ್ನು ಬಿಡದೆ, ಮೃದುವಾದ ಬ್ರಷ್ ಬಳಸಿ, ಒಮ್ಮೆ ಕ್ಲೀನಿಂಗ್ ಮಾಡಿಸಿಕೊಳ್ಳಿ. ವಾಂತಿಯಾದ ತಕ್ಷಣ ಮಾತ್ರ ಉಜ್ಜಬೇಡಿ, ಹೊಟ್ಟೆಯ ಆಮ್ಲದಿಂದ ಮೆತ್ತಗಾದ ಹಲ್ಲು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗುವುದೇ ನಿಜವಾದ ಅಪಾಯ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳಿಂದ 20 ವಾರಗಳ ನಂತರ ಗರ್ಭದ ನೀರು ಕಡಿಮೆಯಾಗಬಹುದು. ಟೆಟ್ರಾಸೈಕ್ಲಿನ್ ಜಾತಿಯ ಔಷಧಗಳು ಮಗುವಿನ ಹಲ್ಲಿಗೆ ಕಲೆ ಹಿಡಿಸುತ್ತವೆ. ವೈದ್ಯರನ್ನು ಕಾಣುವವರೆಗೆ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಓಪಿಡಿ ಸಮಯಕ್ಕಾಗಿ ಕಾಯದೆ ಅಂದೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಎಷ್ಟನೇ ತಿಂಗಳೆಂದು ಮೊದಲೇ ಹೇಳಿ.