ಸ್ಕ್ರಬ್‌ನಲ್ಲಿರೋ ಕಾಳು ಪ್ಲಾಸ್ಟಿಕ್ಕಾ? ಮನೇಲೇ ನೋಡಬಹುದು

ಅಮ್ಮ ಊರಿಂದ ತಂದ ಫೇಸ್ ಸ್ಕ್ರಬ್ ಮೇಲೆ ‘ಪಾಲಿಎಥಿಲೀನ್’ (ಒಂದು ಥರದ ಪ್ಲಾಸ್ಟಿಕ್) ಅಂತಿದೆ, ಅಮೆರಿಕದಲ್ಲಿ ಇಂಥ ಪ್ಲಾಸ್ಟಿಕ್ ಕಾಳು ನಿಷೇಧ ಅಲ್ವಾ, ಪಾತ್ರೆ ಉಜ್ಜೋ ಲಿಕ್ವಿಡ್‌ಗೂ ಅನ್ವಯ ಆಗುತ್ತಾ ಅಂತ ಕೇಳಿದ್ದೀರಿ.

ಸ್ಕ್ರಬ್‌ಗೆ ಹೌದು. 2015ರ ಡಿಸೆಂಬರ್‌ನಲ್ಲಿ ಒಬಾಮಾ ಸಹಿ ಹಾಕಿದ ಕಾನೂನು ಅದು. 2017ರ ಜುಲೈಯಿಂದ ಪ್ಲಾಸ್ಟಿಕ್ ಕಾಳಿನ ಸ್ಕ್ರಬ್ ತಯಾರಿಕೆ ನಿಂತಿತು, ಮರುವರ್ಷ ಮಾರಾಟವೂ. ಆದ್ರೆ ಅದು ಹಿಡಿಯೋದು ಉಜ್ಜಿ ತೊಳೆದುಬಿಡೋ ಸ್ಕ್ರಬ್, ಫೇಸ್‌ವಾಶ್, ಟೂತ್‌ಪೇಸ್ಟ್ ಥರದ್ದನ್ನ ಮಾತ್ರ. ಹಚ್ಚಿಕೊಂಡು ಬಿಡೋ ಕ್ರೀಮು, ಪಾತ್ರೆ ಲಿಕ್ವಿಡ್ಡು ಹೊರಗೇ ಉಳಿದವು. ನನ್ನ ಕೇಳಿದ್ರೆ ಅರ್ಧ ಬಾಗಿಲು ಹಾಕಿದ ಹಾಗೆ. ಯುರೋಪಿನ 2023ರ ನಿಯಮದಲ್ಲಿ ಡಿಟರ್ಜೆಂಟೂ ಸೇರಿದೆ, ಆದ್ರೆ ಲಿಪ್‌ಸ್ಟಿಕ್, ನೇಲ್‌ಪಾಲಿಶ್‌ಗೆ 2035ರವರೆಗೆ ಟೈಮ್ ಕೊಟ್ಟಿದ್ದಾರೆ!

ಈಗ ನಿಮ್ಮ ಟ್ಯೂಬ್ ವಿಷಯ. ಒಂದು ಚಮಚ ಸ್ಕ್ರಬ್ಬನ್ನ ಲೋಟ ನೀರಲ್ಲಿ ಕದಡಿ, ಹಳೇ ಪಂಚೆ ತುಂಡಲ್ಲಿ ಸೋಸಿ. (ನಾನು ಕಾಫಿ ಫಿಲ್ಟರಲ್ಲಿ ಸೋಸಿ ಮನೇಲಿ ಬೈಸಿಕೊಂಡೆ.) ಉಪ್ಪು, ಸಕ್ಕರೆಯಾದ್ರೆ ಕರಗಿಹೋಗುತ್ತೆ. ಅಕ್ರೋಟ್ ಚಿಪ್ಪಿನ ಪುಡಿ ಕಂದು ಬಣ್ಣ, ಒಂದೊಂದು ಚೂರೂ ಒಂದೊಂದು ಆಕಾರ. ಒಂದೇ ಅಳತೆಯ, ಗಸಗಸೆ ಥರ ನುಣ್ಣನೆ ಕಾಳು ಬಟ್ಟೆಗೆ ಅಂಟಿ, ನೀರಿಗೆ ಹಾಕಿದಾಗ ತೇಲಿದ್ರೆ ಅನುಮಾನ ಪಡಿ. ಜೊಜೋಬಾ ಅನ್ನೋ ಗಿಡದ ಬೀಜದ ಮೇಣದ ಕಾಳೂ ತೇಲುತ್ತೆ, ಅದಕ್ಕೇ ಕುದಿಯೋ ನೀರಿಗೆ ಒಂದಷ್ಟು ಹಾಕಿ ನೋಡಿ. ಮೇಣ ಕರಗಿ ಎಣ್ಣೆಯಾಗುತ್ತೆ, ಪಾಲಿಎಥಿಲೀನ್ ಸಾಮಾನ್ಯವಾಗಿ ಹಾಗೇ ಇರುತ್ತೆ.

ಪ್ಲಾಸ್ಟಿಕ್ಕೇ ಅಂತಾದ್ರೆ ಸಿಂಕಿಗೆ ಹಿಂಡಿ ಖಾಲಿ ಮಾಡಬೇಡಿ, ಸೋಸಿದ ಬಟ್ಟೇನೂ ತೊಳೀಬೇಡಿ. ಮುಚ್ಚಳ ಬಿಗಿಮಾಡಿ ಎರಡನ್ನೂ ಒಣ ಕಸಕ್ಕೆ ಹಾಕಿ. ಅಮ್ಮನಿಗೆ ಮುಂದಿನ ಸಲ ಕಡ್ಲೆಹಿಟ್ಟು ತರೋಕೆ ಹೇಳಿ, ಅದು ಬೋಂಡಾಕ್ಕೂ ಆಗುತ್ತೆ.